ಎಂಟೂ ಕಾಲಿಗೆ ನಿಂತ ಗಡಿಯಾರ



ಈ ಸಲದ ಸಂಪಾದಕೀಯ ಒಂದು ಇಂಗ್ಲಿಷ್ ಸೀರಿಯಲ್ ಬಗ್ಗೆ ಅಂದರೆ ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. "ನಿಮಗೆ ಬರೆಯೋಕೆ ಬೇರೇನೂ ಸಿಗಲಿಲ್ವಾ ಸ್ವಾಮಿ?" ಅಂತ ಉತ್ತರ ಬರೆಯುವ ಮೊದಲು ದಯವಿಟ್ಟು ಪೂರ್ತಿ ಓದಿ. ಆಮೇಲೆ ಬೈಯುವುದು ಇದ್ದೇ ಇದೆ.

2011ರ ಅಕ್ಟೋಬರ್ 23, ಭಾನುವಾರ ಸಂಜೆ. ನಾನಾಗ ಬಾಸ್ಟನ್ನಿನಲ್ಲಿ ಎಂ.ಎಸ್. ಓದುತ್ತಿದ್ದೆ. ಒಂದು ಅಪಾರ್ಟ್‌ಮೆಂಟ್, ನಾಲ್ಕು ಜನ ಹುಡುಗರು, ಯಾರೋ ಸೀನಿಯರ್ ಊರು ಬಿಡುವಾಗ ಬಿಟ್ಟುಹೋದ ಒಂದು ಹಳೇ ಟಿವಿ. ಕುಕ್ಕರ್ ಮೂರನೇ ಸಲ ಕೂಗುವುದನ್ನು ಕಾಯುತ್ತಾ ಚಾನೆಲ್ ತಿರುಗಿಸುತ್ತಿದ್ದಾಗ ಎಬಿಸಿಯಲ್ಲಿ ಒಬ್ಬ ರಾಜಕುಮಾರ ಕುದುರೆ ಓಡಿಸಿಕೊಂಡು ಬರುತ್ತಿದ್ದ. ಹಿಮದ ಕಾಡು, ಗಾಜಿನ ಪೆಟ್ಟಿಗೆ, ಅದರೊಳಗೆ ಸ್ನೋ ವೈಟ್, ಸುತ್ತ ಅಳುತ್ತಿರುವ ಕುಳ್ಳರು. ರಾಜಕುಮಾರ ಮುತ್ತಿಟ್ಟ, ಅವಳು ಎದ್ದಳು. ಕಥೆ ಮುಗಿಯಿತಲ್ಲ, ಇನ್ನೇನು ತೋರಿಸುತ್ತಾರೆ ಅಂದುಕೊಂಡೆ. ಅಲ್ಲಿಂದಲೇ ಶುರುವಾಗುವ ಸೀರಿಯಲ್ ಅದು: 'ಒನ್ಸ್ ಅಪಾನ್ ಎ ಟೈಮ್'. ನಮ್ಮ ಭಾಷೆಯಲ್ಲಿ ಹೇಳುವುದಾದರೆ 'ಒಂದಾನೊಂದು ಕಾಲದಲ್ಲಿ'.

ಆ ರಾತ್ರಿ ಸುಮಾರು 1 ಕೋಟಿ 29 ಲಕ್ಷ ಜನ ಅದನ್ನು ನೋಡಿದರಂತೆ. ನಾವು ನಾಲ್ವರೂ ನೋಡಿದೆವು. ಅನ್ನ ತಳ ಹಿಡಿಯಿತು.

ಇದೇ ಮೊದಲ ಕಂತನ್ನು ಮೊನ್ನೆ ಚಳಿಗಾಲದ ರಜೆಯಲ್ಲಿ ಎಂಟು ವರ್ಷದ ಮಗಳ ಜೊತೆ ಕೂತು ಮತ್ತೆ ನೋಡಿದೆ. ಅವಳಿಗೆ ಅದು ಹೊಚ್ಚ ಹೊಸದು. ಹಾಗಾಗಿ ನನಗೂ ಎರಡನೇ ಸಲ ಮೊದಲ ಸಲ ನೋಡಿದಂತಾಯಿತು. ಇಪ್ಪತ್ತಮೂರರ ವಯಸ್ಸಿನಲ್ಲಿ ಕಾಣದ್ದು ಈಗ ಕಂಡಿದ್ದರಿಂದಲೇ ಈ ಬರಹ.

ನೋಡದವರಿಗಾಗಿ ಕಥೆ ಇಷ್ಟು. ಸ್ನೋ ವೈಟಳ ಮದುವೆ ನಡೆಯುತ್ತಿರುವಾಗಲೇ ಆ ಕೆಟ್ಟ ರಾಣಿ ನುಗ್ಗಿ ಬಂದು ಶಪಥ ಮಾಡುತ್ತಾಳೆ. ಮುಂದೆ ಅವಳ ಶಾಪದಿಂದ ಇಡೀ ಕಿನ್ನರಲೋಕವೇ ಕಿತ್ತುಕೊಂಡು ಬಂದು ಅಮೆರಿಕದ ಮೇನ್ ರಾಜ್ಯದ ಸ್ಟೋರಿಬ್ರೂಕ್ ಎಂಬ ಸಣ್ಣ ಊರಿಗೆ ಬೀಳುತ್ತದೆ. (ಹುಡುಕಿಕೊಂಡು ಹೋಗಬೇಡಿ. ಅಂಥ ಊರಿಲ್ಲ, ಚಿತ್ರೀಕರಣ ಮಾಡಿದ್ದು ಕೆನಡಾದ ಸ್ಟೀವ್‌ಸ್ಟನ್‌ನಲ್ಲಿ.) ಅಲ್ಲಿ ಸ್ನೋ ವೈಟ್ ಈಗ ಸ್ಕೂಲ್ ಮೇಷ್ಟ್ರು. ರಾಜಕುಮಾರ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿರುವ, ಹೆಸರು ಗೊತ್ತಿಲ್ಲದ ರೋಗಿ. ರಾಣಿ ಊರಿನ ಮೇಯರ್, ಅವಳ ಮನೆಯಂಗಳದಲ್ಲಿ ಸೇಬಿನ ಮರ! ಊರಿನ ದೊಡ್ಡ ಗಡಿಯಾರ ಎಂಟೂ ಕಾಲಿಗೆ ನಿಂತಿದೆ. ಇಪ್ಪತ್ತೆಂಟು ವರ್ಷದಿಂದ ಯಾರಿಗೂ ವಯಸ್ಸಾಗಿಲ್ಲ, ಯಾರೂ ಊರು ಬಿಟ್ಟು ಹೋಗಲಾರರು, ತಾವು ಯಾರೆಂಬುದು ಯಾರಿಗೂ ನೆನಪಿಲ್ಲ.

ಗೊತ್ತಿರುವವನು ಹೆನ್ರಿ ಎಂಬ ಹತ್ತು ವರ್ಷದ ಹುಡುಗ ಮಾತ್ರ. ಅವನ ಕೈಯಲ್ಲಿ ಒಂದು ದಪ್ಪ ಕಥೆ ಪುಸ್ತಕ. ಅವನು ತನ್ನನ್ನು ಹೆತ್ತು ದತ್ತು ಕೊಟ್ಟ ತಾಯಿ ಎಮ್ಮಾಳನ್ನು ಹುಡುಕಿಕೊಂಡು ಬಾಸ್ಟನ್ನಿಗೆ ಬರುತ್ತಾನೆ. ಜಾಮೀನು ಪಡೆದು ತಲೆ ತಪ್ಪಿಸಿಕೊಂಡವರನ್ನು ಹಿಡಿದು ಕೊಡುವುದು ಎಮ್ಮಾಳ ಕಸುಬು. ಅವತ್ತು ಅವಳ ಇಪ್ಪತ್ತೆಂಟನೇ ಹುಟ್ಟುಹಬ್ಬ. ಒಂಟಿಯಾಗಿ ಒಂದು ಸಣ್ಣ ಕೇಕಿಗೆ ಮೇಣದಬತ್ತಿ ಹಚ್ಚಿ ಆರಿಸುತ್ತಾಳೆ, ಕರೆಗಂಟೆ ಹೊಡೆಯುತ್ತದೆ, ಬಾಗಿಲಲ್ಲಿ ಮಗ. ಅವನನ್ನು ಬಿಟ್ಟು ಬರಲು ಹಳದಿ ಬೀಟಲ್ ಕಾರಿನಲ್ಲಿ ಸ್ಟೋರಿಬ್ರೂಕ್‌ಗೆ ಹೋದವಳು ಒಂದು ವಾರ ಉಳಿಯುತ್ತೇನೆ ಅನ್ನುತ್ತಾಳೆ. ಆಗ ಗಡಿಯಾರದ ಮುಳ್ಳು ಒಂದು ನಿಮಿಷ ಮುಂದಕ್ಕೆ ಹೋಗುತ್ತದೆ. ಮೊದಲ ಕಂತು ಮುಗಿಯಿತು.

2011ರಲ್ಲಿ ನಮಗೆ ಹಿಡಿಸಿದ್ದು ಚತುರ ಹೆಣಿಗೆ. ಬರೆದವರು ಎಡ್ವರ್ಡ್ ಕಿಟ್ಸಿಸ್ ಮತ್ತು ಆಡಮ್ ಹೊರೊವಿಟ್ಜ್, 'ಲಾಸ್ಟ್' ಸೀರಿಯಲ್‌ಗೆ ಬರೆದಿದ್ದವರು. ಎಂಟೂ ಕಾಲು ಅನ್ನುವುದೂ ಅಲ್ಲಿಂದಲೇ ಬಂದದ್ದು, 'ಲಾಸ್ಟ್'ನಲ್ಲಿ ಬಿದ್ದ ವಿಮಾನದ ನಂಬರು 815. ಇಂಥದ್ದನ್ನು ಪತ್ತೆ ಹಚ್ಚಿ ಬೀಗುವ ವಯಸ್ಸು ನಮ್ಮದು. ಇನ್ನೊಂದು ಖುಷಿ, ಗ್ರಾಫಿಕ್ಸ್‌ನಲ್ಲಿ ತಪ್ಪು ಹುಡುಕುವುದು. ಅರಮನೆಯ ಹೆಚ್ಚು ಭಾಗ ಹಸಿರು ಪರದೆಯ ಮುಂದೆ ನಟರನ್ನು ನಿಲ್ಲಿಸಿ ಹಿಂದೆ ಕಂಪ್ಯೂಟರಿನಲ್ಲಿ ಕಟ್ಟಿದ್ದು. ಕಂಬಗಳ ಮೇಲೆ ಬೆಳಕು ಒಂದು ಕಡೆಯಿಂದ, ಮುಖದ ಮೇಲೆ ಇನ್ನೊಂದು ಕಡೆಯಿಂದ ಬೀಳುತ್ತಿತ್ತು. ಮದುವೆ ದೃಶ್ಯದ ಮಾತುಗಳೂ ನಮ್ಮ ಹಳೇ ಕಂಪನಿ ನಾಟಕದಷ್ಟೇ ಭಾರ. ಇದನ್ನೆಲ್ಲ ಮರೆಸುವವನು ರಂಪಲ್‌ಸ್ಟಿಲ್ಟ್‌ಸ್ಕಿನ್ ಆಗಿರುವ ರಾಬರ್ಟ್ ಕಾರ್ಲೈಲ್. ಗುಹೆಯ ಸೆರೆಯಲ್ಲಿ ಕೂತು, ಹುಟ್ಟಲಿರುವ ಮಗುವಿನ ಹೆಸರನ್ನೇ ತನ್ನ ಮಾತಿಗೆ ಬೆಲೆಯಾಗಿ ಕೇಳುತ್ತಾನೆ. ಅವನೇ ಸ್ಟೋರಿಬ್ರೂಕ್‌ನಲ್ಲಿ ಮಿಸ್ಟರ್ ಗೋಲ್ಡ್ ಆಗಿ ಬಾಡಿಗೆ ವಸೂಲಿಗೆ ಬಂದು 'ಎಮ್ಮಾ' ಎಂಬ ಹೆಸರು ಕೇಳಿದಾಗ ಅವನ ಮುಖ ನೋಡಬೇಕು. ಒಂದು ಕ್ಷಣ, ಅಷ್ಟೇ. ಅದೊಂದು ನಟನೆಗಾಗಿಯೇ ಮೊದಲ ಕಂತು ನೋಡಬಹುದು.

ಐದೇ ದಿನಕ್ಕೆ ಎನ್‌ಬಿಸಿಯಲ್ಲಿ 'ಗ್ರಿಮ್' ಶುರುವಾಯಿತು. ಅದರಲ್ಲಿ ಪೋರ್ಟ್‌ಲ್ಯಾಂಡಿನ ಒಬ್ಬ ಪೊಲೀಸ್ ಪತ್ತೇದಾರನಿಗೆ ಜನರೊಳಗಿರುವ ತೋಳ ಕರಡಿಗಳು ಕಾಣತೊಡಗುತ್ತವೆ. ನನಗೆ ಅದು ಅಷ್ಟು ಹತ್ತಲಿಲ್ಲ, ರಕ್ತ ಜಾಸ್ತಿ.

ಈ ಸಲ ನೋಡುವಾಗ ನನ್ನ ಕಣ್ಣು ನಿಂತದ್ದು ಶಾಪದ ಮೇಲೆ. ನಮ್ಮ ಪುರಾಣಗಳಲ್ಲಿ ಶಾಪ ಅಂದರೆ ಕಲ್ಲಾಗು, ಹಾವಾಗು, ಭಸ್ಮವಾಗು. ಈ ರಾಣಿಯ ಶಾಪದಲ್ಲಿ ಯಾರಿಗೂ ಹಾಗೇನೂ ಆಗುವುದಿಲ್ಲ. ಎಲ್ಲರಿಗೂ ಮನೆ ಇದೆ, ಬಹಳ ಜನಕ್ಕೆ ಕೆಲಸ ಇದೆ, ಬೆಳಗಾದರೆ ಹೋಟೆಲಿನಲ್ಲಿ ಕಾಫಿ ಇದೆ, ರಸ್ತೆ ಚೊಕ್ಕಟವಾಗಿದೆ. ತಾವು ಯಾರು, ತಮ್ಮ ಕಥೆ ಏನು ಅನ್ನುವುದೊಂದೇ ಇಲ್ಲ, ಮತ್ತು ಅದು ಇಲ್ಲವೆಂಬುದೂ ಗೊತ್ತಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಮನೆ ಸಾಲ ಕಟ್ಟುತ್ತಾ, ಶನಿವಾರ ಮಗಳನ್ನು ಈಜಿಗೆ, ಭಾನುವಾರ ಪಿಯಾನೋಗೆ ಕರೆದುಕೊಂಡು ಹೋಗುವ ನನಗೆ ಆ ಊರು ಪರಿಚಯದ್ದೇ ಅನ್ನಿಸಿತು.

ಅಷ್ಟರಲ್ಲಿ ಮಗಳು ಕೇಳಿದಳು. "ಅಪ್ಪಾ, ಇವರೆಲ್ಲ ಡಿಸ್ನಿ ಕ್ಯಾರೆಕ್ಟರ್ಸ್ ಅಲ್ವಾ?"

ಅವಳು ಹೇಳಿದ್ದು ಅರ್ಧ ನಿಜ. ಎಬಿಸಿ ಚಾನೆಲ್ 1996ರಿಂದ ಡಿಸ್ನಿಯದೇ. ಕುಳ್ಳರಿಗೆ ಗ್ರಂಪಿ, ಡೋಪಿ ಅಂತ ಇರುವ ಹೆಸರು 1937ರ ಡಿಸ್ನಿ ಚಿತ್ರದ್ದು, ಗ್ರಿಮ್ ಸೋದರರ ಪುಸ್ತಕದಲ್ಲಿ ಅವರಿಗೆ ಹೆಸರೇ ಇಲ್ಲ. ಹೆನ್ರಿಗೆ ಬುದ್ಧಿ ಹೇಳುವ ಮನೋವೈದ್ಯ ಮೂಲದಲ್ಲಿ ಪಿನೋಕಿಯೋ ಕಥೆಯ ಜಿಮಿನಿ ಕ್ರಿಕೆಟ್. ಆ ಹೆಸರನ್ನೂ ಇಟ್ಟದ್ದು 1940ರಲ್ಲಿ ಡಿಸ್ನಿಯೇ. ಕಾರ್ಲೋ ಕೊಲ್ಲೋಡಿ ಇಟಲಿಯಲ್ಲಿ ಬರೆದ ಮೂಲ ಪುಸ್ತಕದಲ್ಲಿ ಹೆಸರಿಲ್ಲದ ಆ ಮಾತಾಡುವ ಹುಳುವನ್ನು ಪಿನೋಕಿಯೋ ಸುತ್ತಿಗೆ ಎಸೆದು ಸಾಯಿಸುತ್ತಾನೆ! 2013ರಲ್ಲಿ 'ಫ್ರೋಜನ್' ಸಿನಿಮಾ ಗೆದ್ದದ್ದೇ ತಡ, 2014ರ ಸೀಸನ್ನಿನಲ್ಲಿ ಎಲ್ಸಾ ಕೂಡ ಸ್ಟೋರಿಬ್ರೂಕ್‌ಗೆ ಬಂದಳು. ಹೀಗೆ ಎಳೆದೂ ಎಳೆದೂ 7 ಸೀಸನ್, 155 ಕಂತು ಆಗಿ 2018ರ ಮೇನಲ್ಲಿ ಮುಗಿಯಿತು. ನನ್ನನ್ನು ಕೇಳಿದರೆ ಮೊದಲ ವರ್ಷದ ಮಟ್ಟಕ್ಕೆ ಅದು ಮತ್ತೆ ಏರಲಿಲ್ಲ. ಅದು ಬೇರೆ ಮಾತು.

ಆದರೆ ಸ್ನೋ ವೈಟ್ ಡಿಸ್ನಿ ಮನೆಯಲ್ಲಿ ಹುಟ್ಟಿದವಳಲ್ಲ ಅಂತ ಮಗಳಿಗೆ ಹೇಳಲೇಬೇಕಾಯಿತು. ಯಾಕೋಬ್ ಮತ್ತು ವಿಲ್ಹೆಲ್ಮ್ ಗ್ರಿಮ್ ತಮ್ಮ ಕಥೆಗಳ ಮೊದಲ ಸಂಪುಟ ಅಚ್ಚು ಹಾಕಿಸಿದ್ದು 1812ರಲ್ಲಿ. ಆಗ ಅವರಿದ್ದ ಕಾಸೆಲ್ ಪಟ್ಟಣ ನೆಪೋಲಿಯನ್ನನ ತಮ್ಮನ ಆಡಳಿತದಲ್ಲಿತ್ತು, ಯಾಕೋಬ್ ಆ ಫ್ರೆಂಚ್ ದೊರೆಯ ಗ್ರಂಥಪಾಲಕ. ಅಂದರೆ ನಮ್ಮ ಹಾಗೆಯೇ, ಹೊಟ್ಟೆಪಾಡಿಗೆ ಪರಭಾಷೆಯವರ ಕೆಲಸ! ಬಿಡುವಿನಲ್ಲಿ ಅಣ್ಣತಮ್ಮಂದಿರು ತಮ್ಮ ನುಡಿಯ ಕಥೆಗಳನ್ನು ಕೇಳಿ ಬರೆದುಕೊಂಡರು. ಹೇಳಿದವರಲ್ಲಿ ಬಹಳ ಮಂದಿ ಹೆಂಗಸರು. ಎರಡನೇ ಸಂಪುಟಕ್ಕೆ ಹೆಚ್ಚು ಕಥೆ ಕೊಟ್ಟ ಡೊರೊಥೆಯಾ ಫೀಮಾನ್ ಒಬ್ಬ ದರ್ಜಿಯ ಹೆಂಡತಿ, ಪಟ್ಟಣಕ್ಕೆ ತರಕಾರಿ ತಂದು ಮಾರುತ್ತಿದ್ದವಳು. ಇದೇ ಸೋದರರು ಮುಂದೆ ಜರ್ಮನ್ ನಿಘಂಟಿಗೆ ಕೈ ಹಾಕಿದರು. ಅವರಿಗೆ ಕಥೆ ಕೂಡಿಡುವುದು, ಪದ ಕೂಡಿಡುವುದು ಎರಡೂ ಒಂದೇ ಕೆಲಸದ ಎರಡು ತುದಿ. ಅವರು ಬರೆದಿಡದೇ ಹೋಗಿದ್ದರೆ ಡಿಸ್ನಿಯವರು ಮಾರಲಿಕ್ಕೆ ಏನು ತರುತ್ತಿದ್ದರೋ ಕಾಣೆ.

ಮಗಳು ಇದನ್ನೆಲ್ಲ ಕೇಳಿಸಿಕೊಂಡು ಎರಡನೇ ಪ್ರಶ್ನೆ ಹಾಕಿದಳು. "ನಮ್ಮದು ಇಂಥ ಸ್ಟೋರಿ ಇಲ್ವಾ?"

ಇದ್ದಾವೆ ಅಂದೆ, ಬಹಳ ಇದ್ದಾವೆ ಅಂದೆ. ಹೇಳು ಅಂದಳು. ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿದೆ. ಅದು ಅವಳಿಗೆ ಮೂರು ವರ್ಷಕ್ಕೇ ಗೊತ್ತು. ಪುಣ್ಯಕೋಟಿ ಹೇಳಿದೆ. ಅದೂ ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಆಗಿದೆ. ಏಳು ಸಮುದ್ರದ ಆಚೆ ಗಿಣಿಯೊಳಗೆ ಜೀವ ಇಟ್ಟ ರಾಕ್ಷಸನ ಕಥೆ ಶುರು ಮಾಡಿದೆ, ಅರ್ಧಕ್ಕೆ ನಿಂತಿತು. ಎಂಜಿನಿಯರಿಂಗ್ ನಾಲ್ಕು ವರ್ಷ, ಎಂ.ಎಸ್. ಎರಡು ವರ್ಷ, ಕೆಲಸ ಹನ್ನೆರಡು ವರ್ಷ. ನನ್ನ ಹತ್ತಿರ ಇದ್ದ ಅಡಗೂಲಜ್ಜಿ ಕಥೆಗಳ ಬಂಡವಾಳ ಎರಡೂವರೆ!

ಸುಮ್ಮನೆ ನನ್ನನ್ನೊಬ್ಬನನ್ನೇ ಬೈದುಕೊಳ್ಳುವುದೂ ಬೇಡ. ನಮ್ಮ ಟಿವಿಯನ್ನೂ ಒಂದಿಷ್ಟು ಕೇಳಬೇಕು. 2011ರಲ್ಲಿ ತಿಪಟೂರಿನಲ್ಲಿದ್ದ ನನ್ನ ಅಕ್ಕನ ಮಗ ಈ ಸೀರಿಯಲ್ಲನ್ನು ಕನ್ನಡದಲ್ಲಿ ನೋಡುವ ಮಾತೇ ಇರಲಿಲ್ಲ. 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಕಾರ್ಟೂನುಗಳು ಕನ್ನಡ ಮಾತಾಡಿದವು ನಿಜ. ಆದರೆ ಮನುಷ್ಯರು ನಟಿಸಿದ ಸಿನಿಮಾ, ಸೀರಿಯಲ್ ಡಬ್ ಮಾಡಕೂಡದು ಅನ್ನುವ ಕಟ್ಟುಪಾಡು ಚಿತ್ರೋದ್ಯಮದವರದು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗ ಅದು ತಪ್ಪೆಂದು ದಂಡ ಹಾಕಿದ್ದು 2015ರ ಜುಲೈನಲ್ಲಿ. ಡಬ್ ಆದ 'ಮಹಾಭಾರತ' ಸ್ಟಾರ್ ಸುವರ್ಣದಲ್ಲಿ ಬಂದದ್ದು 2020ರ ಲಾಕ್‌ಡೌನ್‌ನಲ್ಲಿ. ಜನ ಮುಗಿಬಿದ್ದು ನೋಡಿದರು, ಕನ್ನಡಕ್ಕೆ ಏನೂ ಆಗಲಿಲ್ಲ. ಈ ಜಗಳ ನಮ್ಮ ಓದುಗರಿಗೆ ಹೊಸದಲ್ಲ, ಅದನ್ನು ಇಲ್ಲಿ ಉದ್ದ ಮಾಡುವುದಿಲ್ಲ. ನನ್ನ ತಕರಾರು ಬೇರೆ. ಅಷ್ಟು ವರ್ಷ ಗೋಡೆ ಕಟ್ಟಿ ಕಾಯ್ದ ಹಿತ್ತಿಲಲ್ಲಿ ನಾವು ಬೆಳೆದದ್ದೇನು? ಹಿಂದಿ ತಮಿಳಿನಿಂದ ತಂದ ಅತ್ತೆ ಸೊಸೆ ರೀಮೇಕುಗಳನ್ನೇ ತಾನೆ? ಗ್ರಿಮ್ ಕಥೆಗಳಿಗೆ ಎಬಿಸಿ ಯಾರಿಗೂ ಹಕ್ಕಿನ ಹಣ ಕೊಡಬೇಕಿರಲಿಲ್ಲ. ನಮ್ಮ ಅಜ್ಜಿಯರ ಕಥೆಗೂ ಯಾರೂ ಕೊಡಬೇಕಿಲ್ಲ. ಅವನ್ನೆಲ್ಲ ಒಂದೂರಿಗೆ ಇಳಿಸಿ, ಹಂಚಿಯನ್ನು ಹಾಸನದ ಯಾವುದೋ ಖಾನಾವಳಿಯಲ್ಲಿ ಅಡಿಗೆಯವಳಾಗಿ ನಿಲ್ಲಿಸಿ ನೋಡಿ. ಸೀರಿಯಲ್ ಆಗುವುದಿಲ್ಲವೇ?

ಹಂಚಿ ಯಾರು ಅಂತ ಕೇಳುತ್ತೀರಾ? ನನಗೂ ಮೊನ್ನೆಯವರೆಗೆ ಗೊತ್ತಿರಲಿಲ್ಲ. ಬಂಗಾರದ ಕೂದಲಿನ ಹುಡುಗಿ, ಮಣ್ಣಿನ ಹಂಚಿನ ಮುಖವಾಡ ಹಾಕಿಕೊಂಡು ಮನೆ ಬಿಟ್ಟು ಓಡುತ್ತಾಳೆ, ಸಾಹುಕಾರನ ಮನೆಯಲ್ಲಿ ಅಡಿಗೆಗೆ ನಿಲ್ಲುತ್ತಾಳೆ. ಮುಖವಾಡದಿಂದಲೇ ಹಂಚಿ ಎಂಬ ಹೆಸರು. ಇವಳು ಕನ್ನಡದ ಸಿಂಡರೆಲಾ ಅಂತ ಜಗತ್ತಿಗೆ ತೋರಿಸಿದವರು ಎ.ಕೆ. ರಾಮಾನುಜನ್. ಅಲನ್ ಡಂಡಿಸ್ ಎಂಬ ಅಮೆರಿಕನ್ ಜಾನಪದ ವಿದ್ವಾಂಸ 1982ರಲ್ಲಿ ಸಿಂಡರೆಲಾ ಬಗ್ಗೆ ತಂದ ಪುಸ್ತಕದಲ್ಲಿ ಆ ಲೇಖನ ಇದೆ. ರಾಮಾನುಜನ್ ಕೂಡ ನಮ್ಮಂತೆ ಹೊರನಾಡ ಕನ್ನಡಿಗರೇ. ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಪಾಠ ಹೇಳಿ, ಶಿಕಾಗೋದಲ್ಲಿ ಬಾಳಿದವರು. ಹೋದಲ್ಲೆಲ್ಲ ಹೆಂಗಸರ ಬಾಯಿಂದ ಕಥೆ ಕೇಳಿ ಬರೆದುಕೊಂಡವರು. 1993ರಲ್ಲಿ ಅವರು ತೀರಿಕೊಂಡ ಮೇಲೆ, 1997ರಲ್ಲಿ, ಆ ಕನ್ನಡ ಕಥೆಗಳ ಸಂಗ್ರಹ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಅವರು ಬರೆದಿಟ್ಟ ಒಂದು ಕನ್ನಡ ಕಥೆಯಲ್ಲಿ ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿರುತ್ತದೆ. ಯಾರಿಗೂ ಹೇಳುವುದಿಲ್ಲ. ಒಳಗೇ ಇದ್ದು ಬೇಸತ್ತ ಕಥೆ, ಹಾಡು ಎರಡೂ ಅವಳು ಮಲಗಿದ್ದಾಗ ಬಾಯಿಂದ ಹೊರಗೆ ಬಂದು ಗಂಡಸಿನ ಮೆಟ್ಟು, ಅಂಗಿಯಾಗಿ ಕೂತುಬಿಡುತ್ತವೆ. ಗಂಡ ಬಂದು ನೋಡಿ, ಯಾರದು ಇದು ಅಂತ ಜಗಳ ತೆಗೆಯುತ್ತಾನೆ. ಗಿರೀಶ ಕಾರ್ನಾಡರು 'ನಾಗಮಂಡಲ'ದ ಮೊದಲಲ್ಲಿ ಈ ಕಥೆಯನ್ನು ತಂದಿದ್ದಾರೆ. ಸ್ಟೋರಿಬ್ರೂಕ್‌ನಲ್ಲಿ ಜನ ಕಥೆಯನ್ನು ಮರೆತರೆ ಕಥೆ ಸುಮ್ಮನೆ ಕಾಯುತ್ತದೆ. ನಮ್ಮ ಕಡೆಯ ಕಥೆಗೆ ಅಷ್ಟು ತಾಳ್ಮೆ ಇಲ್ಲ, ಮುಯ್ಯಿ ತೀರಿಸಿಕೊಳ್ಳುತ್ತದೆ.

ಆ ವಾರ ಅಮ್ಮನಿಗೆ ಫೋನ್ ಮಾಡಿ ಮಗಳ ಕೈಗೆ ಕೊಟ್ಟೆ. "ಅಜ್ಜಿ, ರಾಜಕುಮಾರ ಇರೋ ಕಥೆ ಹೇಳಿ." ಅಮ್ಮನಿಗೆ ಅರವತ್ತೆಂಟು. ಮೊದಲು ನಕ್ಕರು, ನನಗೇನು ಬರತ್ತೆ ಬಿಡು ಪುಟ್ಟಿ ಅಂದರು. ಆಮೇಲೆ ಶುರು ಮಾಡಿದರು. ಎರಡು ವಾಕ್ಯ ಆದ ಮೇಲೆ ನಿಲ್ಲಿಸಿ, "ಹೂಂ ಅನ್ನಬೇಕು, ಇಲ್ದಿದ್ರೆ ಕಥೆ ಮುಂದಕ್ಕೆ ಹೋಗಲ್ಲ" ಅಂದರು. ಮಗಳು ಹೂಂ ಅಂದಳು. ಬಡ ಮುದುಕಿ, ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳ ಮೇಲೆ ಅಕ್ಕ ಒಂದು ಬಿಂದಿಗೆ ನೀರು ಹೊಯ್ದರೆ ಅವಳು ಹೂವಿನ ಮರ ಆಗುತ್ತಾಳೆ. ಹೂ ಕಿತ್ತುಕೊಂಡು ಇನ್ನೊಂದು ಬಿಂದಿಗೆ ಹೊಯ್ದರೆ ಮತ್ತೆ ಹುಡುಗಿ. ಆ ಹೂವು ಅರಮನೆಗೆ ಹೋಗುತ್ತದೆ, ರಾಜಕುಮಾರ ಬರುತ್ತಾನೆ, ಮದುವೆಯಾಗುತ್ತದೆ. ನಾದಿನಿ ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಿ ಮರವಾಗು ಅಂತ ಹಟ ಮಾಡುತ್ತಾಳೆ. ಹುಡುಗಿಯರೆಲ್ಲ ಸೇರಿ ಕೊಂಬೆ ರೆಂಬೆ ಮುರಿದು ಹಾಕಿ ಓಡಿಹೋಗುತ್ತಾರೆ.

"ಹೂಂ" ಅಂದಳು ಮಗಳು.

ಫೋನಿನಲ್ಲಿ ಸದ್ದಿಲ್ಲ. ಲೈನ್ ಕಟ್ ಆಯಿತೇನೋ ಅಂದುಕೊಂಡೆ. "ಆಮೇಲೆ ನಮ್ಮಜ್ಜಿ ಏನೋ ಹೇಳ್ತಿದ್ರು ಕಣೋ," ಅಂದರು ಅಮ್ಮ ನನಗೆ, ಮೊಮ್ಮಗಳಿಗಲ್ಲ. "ಕೈಕಾಲಿಲ್ಲದ ಹಾಗೆ ಬಿದ್ದಿರ್ತಾಳೆ... ಯಾರೋ ಎತ್ಕೊಂಡ್ ಹೋಗ್ತಾರೆ... ಮರ್ತೇ ಹೋಗಿದೆ." ನನಗೆ ಯಾಕಮ್ಮ ಇದನ್ನು ಹೇಳಲೇ ಇಲ್ಲ ಅಂದೆ. "ನೀನು ಯಾವಾಗ್ಲೂ ಓದ್ತಾನೇ ಇರ್ತಿದ್ಯಲ್ಲ" ಅಂದರು.

ಕೊನೆಯ ಭಾಗ ನನಗೆ ಸಿಕ್ಕಿದ್ದು ಅದೇ ಕ್ಯಾಲಿಫೋರ್ನಿಯಾ ಪುಸ್ತಕದಲ್ಲಿ. ಪುಸ್ತಕದ ಹೆಸರೇ ಈ ಹೂ ಆಗುವ ಹುಡುಗಿಯದು. ಈ ಕಥೆಯನ್ನೇ ಇಟ್ಟುಕೊಂಡು ಕಾರ್ನಾಡರು 1992ರಲ್ಲಿ 'ಚೆಲುವಿ' ಎಂಬ ಸಿನಿಮಾ ಮಾಡಿದರು, ಹಿಂದಿಯಲ್ಲಿ. ಅಮೆರಿಕದ ಜಾನ್ ಆಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಒಪೆರಾ ಮಾಡಿದರು, ಹೆಚ್ಚಾಗಿ ಇಂಗ್ಲಿಷಿನಲ್ಲಿ. ನಮ್ಮ ಮುತ್ತಜ್ಜಿ ಹಂಡೆ ಒಲೆಯ ಮುಂದೆ ಹೇಳಿದ್ದ ಕಥೆ ಹೀಗೆ ಊರೂರು ಸುತ್ತಿ ಇಂಗ್ಲಿಷಾಗಿ ನನ್ನ ಕೈಗೆ ಬಂತು. ಅದನ್ನು ನಾನು ಮತ್ತೆ ಕನ್ನಡ ಮಾಡಿ ಮಗಳಿಗೆ ಹೇಳಿದೆ. ಹತ್ತಿಯ ಗಾಡಿಯವನು ಅವಳನ್ನು ಎತ್ತಿಕೊಳ್ಳುವುದು, ಅವಳು ನಾದಿನಿಯ ಅಕ್ಕ ರಾಣಿಯಾಗಿರುವ ಊರು ಸೇರುವುದು, ಬೈರಾಗಿಯಾಗಿ ಅಲೆಯುತ್ತಿದ್ದ ರಾಜಕುಮಾರ ಅಲ್ಲಿಗೇ ಬರುವುದು, ಗುರುತು ಹಿಡಿದು ನೀರು ಹೊಯ್ದು, ಮುರಿದ ಕೊಂಬೆಗಳನ್ನು ಒಂದೊಂದಾಗಿ ಸರಿ ಮಾಡಿ, ಎರಡನೇ ಬಿಂದಿಗೆ ಹೊಯ್ಯುವುದು. ಆದರೆ ನಮ್ಮ ಮುತ್ತಜ್ಜಿ ಹೇಳುತ್ತಿದ್ದ ಕೊನೆ ಇದೇ ಆಗಿತ್ತೋ ಬೇರೆಯೋ ತಿಳಿಯುವ ದಾರಿ ಈಗ ಇಲ್ಲ.

ಗೆಳೆಯರೇ, ಹೂ ಆಗುವ ಹುಡುಗಿಯ ಕಥೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ, ಕೊಂಬೆ ಮುರಿದ ಮೇಲೆ ಏನಾಯಿತು ಅಂತ ಕೇಳಿ ಬರೆದು ಕಳಿಸಿ. ಬೇರೆ ಕಥೆಯಾದರೂ ಆಗಬಹುದು, ಅರ್ಧವಾದರೂ ಆಗಬಹುದು. ಹೇಳಿದವರ ಮಾತಿನಲ್ಲೇ ಇರಲಿ. ಧಾರವಾಡದ್ದು ಧಾರವಾಡದ ಹಾಗೆ, ಕುಂದಾಪುರದ್ದು ಕುಂದಾಪುರದ ಹಾಗೆ, ದಯವಿಟ್ಟು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಬರೆಯಲು ಪುರುಸೊತ್ತಿಲ್ಲದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೂ ಸಾಕು, ಬರೆದುಕೊಳ್ಳುವ ಕೆಲಸ ನಮ್ಮದು. ಬಂದದ್ದನ್ನು ಮುಂದಿನ ಸಂಚಿಕೆಯಿಂದಲೇ ಹಾಕುತ್ತೇವೆ.

ಅಂದ ಹಾಗೆ, ಕಳೆದ ಭಾನುವಾರ ಮಗಳು ಈ ಕಥೆಯನ್ನು ಮೊದಲಿಂದ ಕೊನೆವರೆಗೆ ಅಜ್ಜಿಗೆ ಫೋನಿನಲ್ಲಿ ಹೇಳಿದಳು. ಆ ಕಡೆಯಿಂದ ಅಮ್ಮ ಹೂಂ ಹೂಂ ಅನ್ನುತ್ತಿದ್ದವರು ನಡುವೆ ತಡೆದರು. "ಏ ಪುಟ್ಟೀ, ನಿಂತ್ಕೋ. ನೀರಿಗೆ ಉಗುರು ಸೋಕಬಾರದು. ಉಗುರು ಸೋಕದ ಹಾಗೆ ಬಿಂದಿಗೆ ತುಂಬಬೇಕು. ಅದು ನೀನು ಬಿಟ್ಟೆ."

ನಾನು ಹೇಳುವಾಗಲೇ ಬಿಟ್ಟಿದ್ದೆ. ಪುಸ್ತಕ ತೆಗೆದು ನೋಡಿದೆ, ಅಲ್ಲೂ ಹಾಗೇ ಇದೆ.